ಡಿಸೆಬಿಲಿಟಿ ಕೇಸು ಗೆದ್ದರೆ ಲಾಯರ್ ಫೀಸು ಅಮೆರಿಕ ಸರ್ಕಾರವೇ ಕೊಡುತ್ತಂತೆ, ನಿಜವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳಿಗೆ ಲೂಪಸ್. ಬೆರಳಿನ ಗಂಟುಗಳು ಊದಿಕೊಂಡು ಕೀಬೋರ್ಡ್ ಮುಟ್ಟುವುದೇ ಕಷ್ಟವಾಗಿದೆ. ಕೆಲಸ ಬಿಟ್ಟ ಮೇಲೆ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿಗೆ, ಅಂದರೆ ಕಾಯಿಲೆಯಿಂದ ದುಡಿಯಲಾಗದವರಿಗೆ ಅಮೆರಿಕ ಸರ್ಕಾರ ಕೊಡುವ ಭತ್ಯೆಗೆ, ಅರ್ಜಿ ಹಾಕಿದಳು. ಮೊದಲ ಸಲ ಇಲ್ಲ ಅಂದರು. ಮರುಪರಿಶೀಲನೆಯಲ್ಲೂ ಇಲ್ಲ, ಇಲಾಖೆಯ ಹಿಯರಿಂಗಿನಲ್ಲೂ ಇಲ್ಲ, ಇಲಾಖೆಯೊಳಗಿನ ಕೊನೆಯ ಮೇಲ್ಮನವಿ ಕೇಳುವ ಅಪೀಲ್ಸ್ ಕೌನ್ಸಿಲ್ ಕೂಡ ಕೈಯೆತ್ತಿತು. ಕೊನೆಗೆ ಲಾಯರ್ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋದರು. ಈಗ ಆ ಕೋರ್ಟು ಹಿಂದಿನ ತೀರ್ಮಾನ ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿದೆ.

ಇದರ ಬೆನ್ನಿಗೇ ಲಾಯರ್ ಆಫೀಸಿನಿಂದ ಎರಡು ಕಾಗದ ಬಂದಿವೆ. ತನ್ನ ಆಸ್ತಿ 20 ಲಕ್ಷ ಡಾಲರ್ ಮೀರಿಲ್ಲ ಅಂತ ಒಂದರಲ್ಲಿ ಸಹಿ ಹಾಕಬೇಕು. 'ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆಕ್ಟ್' ಪ್ರಕಾರ ಬರುವ ಫೀಸನ್ನು ಲಾಯರಿಗೆ ವಹಿಸಿಕೊಡುತ್ತೇನೆ ಅಂತ ಇನ್ನೊಂದರಲ್ಲಿ. ಗೆದ್ದರೆ ಹಿಂದಿನ ತಿಂಗಳುಗಳಿಗೆ ಒಟ್ಟಿಗೆ ಬರುವ ಬಾಕಿ ಭತ್ಯೆಯಲ್ಲಿ ಶೇ. 25 ಕೊಡುತ್ತೇನೆ ಅಂತ ಅವಳು ಮೊದಲೇ ಒಪ್ಪಂದ ಮಾಡಿಕೊಂಡಿದ್ದಾಳೆ. ಹಾಗಾದರೆ ಇದು ಅದರ ಮೇಲೆ ಇನ್ನೊಂದು ಫೀಸಾ? ಸಹಿ ಹಾಕಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕಡತಗಾರ

ತುಂಗಾತೀರ ಅವರೇ, ಮೊದಲು ತಂಗಿಗೆ ಧೈರ್ಯ ಹೇಳಿ. ಇದು ಅವಳ ಕೈಯಿಂದ ಹಣ ಕೇಳುವ ಕಾಗದ ಅಲ್ಲ, ಸರ್ಕಾರದಿಂದ ಕೇಳುವುದು. ನಾನು ಡಿಸೆಬಿಲಿಟಿ ಕೇಸುಗಳ ಲಾಯರ್ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ಲಾಯರಿಗೆ ಕೇಸಿನ ಕೆಲಸದಲ್ಲಿ ಸಹಾಯಕ, ಆಗಿದ್ದೇನೆ. ಇಂಥ ಅರ್ಜಿ ಸಿದ್ಧ ಮಾಡುವುದೇ ನನ್ನ ಕೆಲಸ. ಕಾನೂನು ಸಲಹೆಯನ್ನು ಅವಳ ಲಾಯರೇ ಕೊಡಬೇಕು, ಆದರೆ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ನಾನು ಹೇಳಬಲ್ಲೆ.

ಫೆಡರಲ್ ಕೋರ್ಟಿನಲ್ಲಿ ಮಾಡಿದ ಕೆಲಸಕ್ಕೆ ಲಾಯರಿಗೆ ಹಣ ಬರುವ ದಾರಿ ಎರಡು. ಮೊದಲನೆಯದು ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆಕ್ಟ್. ಆಫೀಸುಗಳಲ್ಲಿ ಎಲ್ಲರೂ 'ಈಜಾ' ಅಂತಲೇ ಕರೆಯುತ್ತಾರೆ. ಈ ಹಣವನ್ನು ಸೋಶಿಯಲ್ ಸೆಕ್ಯುರಿಟಿ ಇಲಾಖೆ ತನ್ನ ಖಾತೆಯಿಂದ ಕೊಡುತ್ತದೆ. ತಂಗಿಯ ಭತ್ಯೆಯಿಂದ ಒಂದು ಪೈಸೆಯೂ ಹೋಗುವುದಿಲ್ಲ. ಎರಡನೆಯದು ಸೋಶಿಯಲ್ ಸೆಕ್ಯುರಿಟಿ ಕಾಯ್ದೆಯ 406(ಬಿ) ಕಲಂ. ಅವಳು ಒಪ್ಪಂದ ಮಾಡಿಕೊಂಡ ಶೇ. 25 ಇದೇ. ಇದು ಅವಳ ಬಾಕಿ ಭತ್ಯೆಯಿಂದ ಹೋಗುತ್ತದೆ, ಅದೂ ಕೋರ್ಟು ಒಪ್ಪಿದರೆ ಮಾತ್ರ.

ಒಂದೇ ಕೆಲಸಕ್ಕೆ ಎರಡೂ ಕಡೆಯಿಂದ ಬಂದರೆ ಲಾಯರ್ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದು ಚಿಕ್ಕದೋ ಅದನ್ನು ಕಕ್ಷಿದಾರರಿಗೆ ವಾಪಸ್ ಕೊಡಬೇಕು. 1985ರ ತಿದ್ದುಪಡಿಯಲ್ಲೇ ಇದು ಸ್ಪಷ್ಟವಾಗಿದೆ. ದಯವಿಟ್ಟು ಈ ಒಂದು ಮಾತನ್ನು ತಂಗಿಗೆ ಬರೆದು ಕೊಡಿ, ಯಾಕೆಂದರೆ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ನೇತ್ರಾವತಿ ನ್ಯೂಜೆರ್ಸಿ

ಕಡತಗಾರ ಅವರೇ, ಒಂದು ಲೆಕ್ಕ ಹಾಕಿ ತೋರಿಸ್ತೀರಾ? ನನ್ನ ಅತ್ತೆಯ ಕೇಸಿನಲ್ಲೂ ಇಂಥದ್ದೇ ಕಾಗದ ಬಂದಿತ್ತು. ಎಷ್ಟು ಬಂತು, ಎಷ್ಟು ಹೋಯಿತು ಅಂತ ನಮಗೆ ಇವತ್ತಿಗೂ ತಿಳಿದಿಲ್ಲ.

ಕಡತಗಾರ

ಖಂಡಿತ. ಊಹೆಯ ಅಂಕಿಗಳಲ್ಲಿ ಹೇಳುತ್ತೇನೆ.

ಈಜಾ ಗಂಟೆಯ ಲೆಕ್ಕದಲ್ಲಿ ನಡೆಯುತ್ತದೆ. ಕಾಯ್ದೆಯಲ್ಲಿ ಬರೆದಿರುವ ದರ ಗಂಟೆಗೆ 125 ಡಾಲರ್. ಅದು 1996ರಲ್ಲಿ ನಿಗದಿಯಾದದ್ದು, ಅದಕ್ಕೂ ಮೊದಲು 75 ಇತ್ತು. ಬೆಲೆ ಏರಿಕೆಗೆ ತಕ್ಕ ಹಾಗೆ ಕೋರ್ಟು ಅದನ್ನು ಹೆಚ್ಚಿಸಬಹುದು. 1996ರ ಮಾರ್ಚಿನಲ್ಲಿ ಗ್ರಾಹಕ ಬೆಲೆ ಸೂಚ್ಯಂಕ 155.7 ಇತ್ತು. 125ನ್ನು ಕೆಲಸ ಮಾಡಿದ ವರ್ಷದ ಸೂಚ್ಯಂಕದಿಂದ ಗುಣಿಸಿ 155.7ರಿಂದ ಭಾಗಿಸಿದರೆ ಆ ವರ್ಷದ ದರ ಬರುತ್ತದೆ. ಕ್ಯಾಲಿಫೋರ್ನಿಯಾ ಸೇರಿರುವ ಒಂಬತ್ತನೇ ಸರ್ಕ್ಯೂಟಿನಲ್ಲಿ (ಸರ್ಕ್ಯೂಟ್ ಅಂದರೆ ಕೆಲವು ರಾಜ್ಯಗಳಿಗೆ ಸೇರಿ ಇರುವ ಫೆಡರಲ್ ಮೇಲ್ಮನವಿ ಕೋರ್ಟು) 2022ಕ್ಕೆ 234.95, 2023ಕ್ಕೆ 244.62 ಡಾಲರ್ ಅಂತ ಬಂದದ್ದು ಹೀಗೆ.

ಲಾಯರ್ 2023ರಲ್ಲಿ 30 ಗಂಟೆ ಕೆಲಸ ಮಾಡಿದರು ಅಂತಿಟ್ಟುಕೊಳ್ಳಿ. ಈಜಾ 7,338.60 ಡಾಲರ್ ಆಯಿತು. ಮುಂದೆ ಕೇಸು ಗೆದ್ದು ಅತ್ತೆಗೆ 64,000 ಡಾಲರ್ ಬಾಕಿ ಬಂತು. ಅದರ ಶೇ. 25 ಅಂದರೆ 16,000. ಲಾಯರ್ ಕೋರ್ಟಿನ ಕೆಲಸಕ್ಕೆ 12,000 ಕೇಳಿದರು, ಜಡ್ಜ್ ಒಪ್ಪಿದರು. ಆಗ ಲಾಯರ್ ಆ 12,000 ಇಟ್ಟುಕೊಂಡು, ಮೊದಲೇ ಕೈಗೆ ಬಂದಿದ್ದ 7,338.60ನ್ನು ಅತ್ತೆಗೆ ಚೆಕ್ ಬರೆದು ಕೊಡಬೇಕು. ಅತ್ತೆಯ ಬಾಕಿಯಿಂದ ನಿಜವಾಗಿ ಹೋದದ್ದು 4,661.40 ಮಾತ್ರ. ಹಿಯರಿಂಗ್ ಹಂತದ ಫೀಸು ಬೇರೆ, ಅದನ್ನು ನಾನಿಲ್ಲಿ ಸೇರಿಸಿಲ್ಲ.

ಈಜಾ ಅರ್ಜಿಯನ್ನೇ ಹಾಕದಿದ್ದರೆ? ಪೂರ್ತಿ 12,000 ಅತ್ತೆಯ ತಲೆಯ ಮೇಲೆ. ಹಾಗಾಗಿ ಈಜಾ ಕೇಳುವುದು ಲಾಯರ್ ತನಗಾಗಿ ಮಾತ್ರ ಮಾಡುವ ಕೆಲಸ ಅಲ್ಲ. ಕೇಳಬಹುದಾಗಿದ್ದೂ ಕೇಳದ ಲಾಯರಿಗೆ, ಆಮೇಲೆ 406(ಬಿ) ಕೊಡುವಾಗ ಅಷ್ಟು ಮೊತ್ತ ಕಳೆದೇ ಕೊಟ್ಟ ಕೋರ್ಟುಗಳೂ ಇವೆ.

ಕೆಲವರು ಚೆಕ್ ಬರೆಯುವ ಬದಲು, ಈಜಾ ಮೊತ್ತ ಕಳೆದು ಉಳಿದದ್ದನ್ನು ಮಾತ್ರ 406(ಬಿ)ಯಲ್ಲಿ ಕೇಳುತ್ತಾರೆ. ಲೆಕ್ಕ ಒಂದೇ. ನೀವು ಕೋರ್ಟಿನ ಆದೇಶ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವ ದಾರಿ ಹಿಡಿದಿದ್ದಾರೆ ಅಂತ ಅಲ್ಲೇ ಬರೆದಿರುತ್ತದೆ. ಆದೇಶದ ಪ್ರತಿ ಕೇಳುವುದು ಅತ್ತೆಯ ಹಕ್ಕು, ಸಂಕೋಚ ಬೇಡ.

ಹಾಸನ ಟು ಹ್ಯೂಸ್ಟನ್

ಒಂದು ಪ್ರಶ್ನೆ ಕೇಳಲೇಬೇಕು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದಲ್ಲಿ ಕೇಸು ಗೆದ್ದರೂ ಸೋತರೂ ಅವರವರ ಲಾಯರ್ ಖರ್ಚು ಅವರವರದ್ದೇ ಅಲ್ವಾ? ಇಲ್ಲಿ ಮಾತ್ರ ತೆರಿಗೆ ಕಟ್ಟುವವರು ಯಾಕೆ ಕೊಡಬೇಕು? ಅದೂ ಭತ್ಯೆ ಇನ್ನೂ ಮಂಜೂರೇ ಆಗಿಲ್ಲ. ಕೋರ್ಟು ಸುಮ್ನೆ ವಾಪಸ್ ಕಳಿಸಿದೆ ಅಷ್ಟೇ. ಇದನ್ನು ಗೆಲುವು ಅಂತ ಹೇಗೆ ಕರೆಯುವುದು?

ಕಡತಗಾರ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ಅವರವರ ಖರ್ಚು ಅವರವರದ್ದು ಅನ್ನುವುದು ನಿಜ. ಅದಕ್ಕೆ ಬೇಕಂತಲೇ ಮಾಡಿದ ಅಪವಾದ ಈ ಕಾಯ್ದೆ. 1980ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇದನ್ನು ತಂದಾಗ ಚಿಕ್ಕ ವ್ಯಾಪಾರಿಗಳ ಗೋಳು ಮುಂದಿತ್ತು. ಸರ್ಕಾರಿ ಇಲಾಖೆ ತಪ್ಪಾಗಿ ನೋಟಿಸು ಕೊಟ್ಟರೂ ಕೋರ್ಟಿಗೆ ಹೋಗಿ ಹೋರಾಡುವ ಖರ್ಚಿಗಿಂತ ದಂಡ ಕಟ್ಟುವುದೇ ಅಗ್ಗ ಅನ್ನುವ ಸ್ಥಿತಿ ಅವರದ್ದು. ಮೊದಲು ತಾತ್ಕಾಲಿಕವಾಗಿ ತಂದಿದ್ದರು. 1984ರಲ್ಲಿ ಅವಧಿ ಮುಗಿಯಿತು, 1985ರಲ್ಲಿ ಕಾಯಂ ಆಯಿತು. ಆದರೆ ಇದನ್ನು ಅತಿ ಹೆಚ್ಚು ಬಳಸುವವರು ಡಿಸೆಬಿಲಿಟಿ ಅರ್ಜಿದಾರರು ಮತ್ತು ಮಾಜಿ ಸೈನಿಕರು.

ಯೋಚನೆ ಮಾಡಿ. ಕೆಲಸ ಮಾಡಲಾಗದೆ ಮನೆಯಲ್ಲಿ ಕೂತ ಮನುಷ್ಯ. ಎದುರಿಗೆ ಫೆಡರಲ್ ಸರ್ಕಾರದ ವಕೀಲರ ಪಡೆ. ಅವರ ಸಂಬಳ ನಾವೇ ತೆರಿಗೆಯಲ್ಲಿ ಕೊಡುತ್ತೇವೆ. ಸರ್ಕಾರ ತನ್ನ ತಪ್ಪನ್ನು ಸಮರ್ಥಿಸಿಕೊಳ್ಳುವುದಕ್ಕೆ ನಮ್ಮ ಹಣ ಖರ್ಚು ಮಾಡಬಹುದು, ಆ ತಪ್ಪನ್ನು ತೋರಿಸಿಕೊಟ್ಟವನ ಖರ್ಚು ಮಾತ್ರ ಅವನ ಔಷಧಿಯ ದುಡ್ಡಿನಿಂದ ಹೋಗಬೇಕು ಅಂದರೆ ನ್ಯಾಯವಾ? ನನಗೆ ಹಾಗನಿಸುವುದಿಲ್ಲ.

ಇನ್ನು ವಾಪಸ್ ಕಳಿಸುವುದು ಗೆಲುವಾ ಅನ್ನುವ ಮಾತು. ಇದೇ ಪ್ರಶ್ನೆ 1993ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಶಲೇಲಾ ವರ್ಸಸ್ ಶೇಫರ್ ಅಂತ ಕೇಸು. ಅದೇ ಸೋಶಿಯಲ್ ಸೆಕ್ಯುರಿಟಿ ಕಾನೂನಿನ 405(ಜಿ) ಕಲಮಿನ ನಾಲ್ಕನೇ ವಾಕ್ಯದ ಪ್ರಕಾರ ಕೋರ್ಟು ತೀರ್ಮಾನವನ್ನು ರದ್ದು ಮಾಡಿ ವಾಪಸ್ ಕಳಿಸಿದರೆ ಅದು ಅಂತಿಮ ತೀರ್ಪೇ, ಅರ್ಜಿದಾರರು ಗೆದ್ದ ಪಕ್ಷವೇ ಅಂತ ಹೇಳಿದರು. ಭತ್ಯೆ ಸಿಗುತ್ತದೋ ಇಲ್ಲವೋ ಅದು ಮುಂದಿನ ಮಾತು. ನನ್ನನ್ನು ಸರಿಯಾಗಿ ವಿಚಾರಣೆ ಮಾಡಿಲ್ಲ ಅನ್ನುವ ಮೊಕದ್ದಮೆ ಅವರು ಗೆದ್ದಾಯಿತು.

ಹಾಸನ ಟು ಹ್ಯೂಸ್ಟನ್

ಸರಿ, ಒಪ್ಪಿದೆ. ಹಾಗಾದರೆ ವಾಪಸ್ ಬಂದ ಪ್ರತಿ ಕೇಸಿಗೂ ಸರ್ಕಾರ ಫೀಸು ಕೊಡುತ್ತದಾ?

ಕಡತಗಾರ

ಇಲ್ಲ. ಸರ್ಕಾರದ ಕೈಯಲ್ಲಿ ಒಂದು ಗುರಾಣಿ ಇದೆ. ತನ್ನ ನಿಲುವಿಗೆ ಸಾಕಷ್ಟು ಸಮರ್ಥನೆ ಇತ್ತು ಅಂತ ಅದು ತೋರಿಸಿದರೆ ಫೀಸು ಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ 'ಸಬ್‌ಸ್ಟ್ಯಾನ್ಷಿಯಲಿ ಜಸ್ಟಿಫೈಡ್' ಅಂತಾರೆ. 1988ರಲ್ಲಿ ಪಿಯರ್ಸ್ ವರ್ಸಸ್ ಅಂಡರ್‌ವುಡ್ ಕೇಸಿನಲ್ಲಿ ಇದರ ಅಳತೆಗೋಲು ನಿಗದಿಯಾಯಿತು. ಒಬ್ಬ ವಿವೇಕವುಳ್ಳ ಮನುಷ್ಯನಿಗೆ ಒಪ್ಪಿಗೆಯಾಗುವಷ್ಟು ಆಧಾರ ಇರಬೇಕು. ಸೋತರು ಅಂದ ಮಾತ್ರಕ್ಕೆ ಆಧಾರ ಇರಲಿಲ್ಲ ಅಂತಲ್ಲ. ಆದರೆ ಆಧಾರ ಇತ್ತು ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಅರ್ಜಿದಾರರದ್ದಲ್ಲ. ಕೋರ್ಟಿನಲ್ಲಿ ವಾದಿಸಿದ್ದಷ್ಟೇ ಅಲ್ಲ, ಅದಕ್ಕೂ ಮೊದಲು ಇಲಾಖೆ ಕೊಟ್ಟ ತೀರ್ಮಾನವನ್ನೂ ಸೇರಿಸಿ ನೋಡುತ್ತಾರೆ. ಮೂಲ ತೀರ್ಮಾನವೇ ಹುಳುಕಾಗಿದ್ದರೆ ಆಮೇಲೆ ವಕೀಲರು ಎಷ್ಟು ಚೆನ್ನಾಗಿ ವಾದ ಮಾಡಿದರೂ ಉಪಯೋಗ ಕಡಿಮೆ.

ಹತ್ತಿರದಿಂದ ನೋಡಿದರೆ ಎಂಥ ತಪ್ಪುಗಳು ಇರುತ್ತವೆ ಗೊತ್ತಾ? ನಾನು ಓದಿದ ಒಂದು ಹಿಯರಿಂಗ್ ತೀರ್ಮಾನದಲ್ಲಿ 'ಇವರು ದೇವಸ್ಥಾನಕ್ಕೆ ಹೋಗುತ್ತಾರೆ, ಅಡುಗೆ ಮಾಡುತ್ತಾರೆ, ಆದ್ದರಿಂದ ನೋವು ಅವರು ಹೇಳುವಷ್ಟಿಲ್ಲ' ಅನ್ನುವ ಅರ್ಥದ ಸಾಲು ಇತ್ತು. ಅದೇ ಕಡತದ ಸಾಕ್ಷ್ಯ ತೆಗೆದು ಓದಿದರೆ ಆಕೆ ಹೇಳಿದ್ದು ಬೇರೆಯೇ. ತಿಂಗಳಿಗೊಮ್ಮೆ ಮಗ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಎಲ್ಲರೂ ನೆಲದ ಮೇಲೆ ಕೂತಾಗ ಆಕೆ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರುತ್ತಾರೆ. ಅರ್ಧಕ್ಕೇ ಎದ್ದು ಬರುತ್ತಾರೆ. ಅಡುಗೆ ಅಂದರೆ ಮೈಕ್ರೋವೇವಿನಲ್ಲಿ ಅನ್ನ ಬಿಸಿ ಮಾಡುವುದು. ಇಷ್ಟನ್ನೂ ಬಿಟ್ಟು 'ದೇವಸ್ಥಾನಕ್ಕೆ ಹೋಗುತ್ತಾರೆ' ಅನ್ನುವ ಎರಡು ಪದ ಮಾತ್ರ ತೀರ್ಮಾನಕ್ಕೆ ಬಂದಿತ್ತು. ದಾಖಲೆಯನ್ನು ಹೀಗೆ ಅರ್ಧ ಓದಿ ಕೊಟ್ಟ ತೀರ್ಮಾನಕ್ಕೆ ಸಮರ್ಥನೆ ಇತ್ತು ಅಂತ ವಾದಿಸುವುದು ಸರ್ಕಾರಕ್ಕೂ ಕಷ್ಟ.

ಎಷ್ಟೋ ಸಲ ಇದು ಜಗಳದ ತನಕ ಹೋಗುವುದೇ ಇಲ್ಲ. ಎರಡೂ ಕಡೆಯ ಲಾಯರುಗಳು ಮಾತಾಡಿಕೊಂಡು ಒಂದು ಮೊತ್ತಕ್ಕೆ ಒಪ್ಪಿ, ಜಂಟಿಯಾಗಿ ಕೋರ್ಟಿಗೆ ಹಾಕುತ್ತಾರೆ. ಜಡ್ಜ್ ಸಹಿ ಹಾಕುತ್ತಾರೆ.

ಸೀಗೆಹಳ್ಳಿ ಸಿಯಾಟಲ್

ಗಂಟೆಗಳನ್ನು ಯಾರು ಲೆಕ್ಕ ಹಾಕುತ್ತಾರೆ? ಲಾಯರ್ ಬರೆದದ್ದೇ ಸತ್ಯವಾ?

ಕಡತಗಾರ

ಪ್ರತಿ ಅರ್ಜಿಯ ಜೊತೆ ಸಮಯದ ಪಟ್ಟಿ ಇರಲೇಬೇಕು. ಗಂಟೆಯನ್ನು ಹತ್ತು ಭಾಗ ಮಾಡಿ ಬರೆಯುತ್ತೇವೆ. 0.1 ಅಂದರೆ ಆರು ನಿಮಿಷ. 'ಕೋರ್ಟಿನ ಆದೇಶ ಓದಿದ್ದು 0.1', 'ವೈದ್ಯಕೀಯ ದಾಖಲೆ ಓದಿ ಟಿಪ್ಪಣಿ ಮಾಡಿದ್ದು 4.2', ಹೀಗೆ. ದಾಖಲೆ ಸಾವಿರ ಪುಟ ದಾಟುವುದು ಮಾಮೂಲು. ಒಬ್ಬ ಡಾಕ್ಟರ್ ಕೈಬರಹದಲ್ಲಿ ಬರೆದ ಒಂದು ಸಾಲು ಇಡೀ ಕೇಸನ್ನು ತಿರುಗಿಸಬಹುದು. ಅದನ್ನು ಹುಡುಕಬೇಕಾದರೆ ಎಲ್ಲಾ ಪುಟ ಓದಲೇಬೇಕು.

ಸರ್ಕಾರದ ವಕೀಲರು ಈ ಪಟ್ಟಿಯನ್ನು ಸಾಲು ಸಾಲಾಗಿ ನೋಡುತ್ತಾರೆ. ಕಾಗದ ಸ್ಕ್ಯಾನ್ ಮಾಡಿದ್ದು, ಅಂಚೆಗೆ ಹಾಕಿದ್ದು ಇಂಥ ಗುಮಾಸ್ತೆ ಕೆಲಸಕ್ಕೆ ಲಾಯರ್ ದರ ಕೇಳಿದರೆ ಕತ್ತರಿ ಗ್ಯಾರಂಟಿ. ನಮ್ಮಂಥ ಪ್ಯಾರಾಲೀಗಲ್‌ಗಳ ಕೆಲಸಕ್ಕೆ ಕೇಳಬಹುದು, ಅದಕ್ಕೆ ಬೇರೆ ದರ. 2008ರ ರಿಚ್‌ಲಿನ್ ತೀರ್ಪು ಅದನ್ನು ಮಾರುಕಟ್ಟೆ ದರದಲ್ಲೇ ಕೊಡಬೇಕು ಅಂದಿದೆ. ಸಾಮಾನ್ಯ ಡಿಸೆಬಿಲಿಟಿ ಕೇಸಿಗೆ 20ರಿಂದ 40 ಗಂಟೆ ಹಿಡಿಯುತ್ತದೆ ಅನ್ನುವ ಮಾತು ಕೋರ್ಟುಗಳಲ್ಲೇ ಚಾಲ್ತಿಯಲ್ಲಿದೆ. ಹಾಗಂತ 40 ಗಂಟೆಯನ್ನೇ ಗೆರೆ ಮಾಡಿ, ಅದರಾಚೆಗಿನದ್ದನ್ನು ಕಣ್ಣುಮುಚ್ಚಿ ಕಡಿಯುವ ಹಾಗಿಲ್ಲ ಅಂತ ಒಂಬತ್ತನೇ ಸರ್ಕ್ಯೂಟ್ 2012ರಲ್ಲಿ ಕೋಸ್ಟಾ ಕೇಸಿನಲ್ಲಿ ಹೇಳಿತು.

ತುಂಗಾತೀರ

ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಆ ಎರಡನೇ ಕಾಗದ, ಲಾಯರಿಗೆ ವಹಿಸಿಕೊಡುವುದು, ಅದು ಯಾಕೆ ಬೇಕು? ಫೀಸು ಲಾಯರದ್ದು ಅಂದ ಮೇಲೆ ತಂಗಿಯ ಸಹಿ ಯಾಕೆ?

ಕಡತಗಾರ

ಯಾಕೆಂದರೆ ಕಾನೂನಿನ ಕಣ್ಣಲ್ಲಿ ಆ ಹಣ ತಂಗಿಯದ್ದು.

2010ರ ಆಸ್ಟ್ರೂ ವರ್ಸಸ್ ರಾಟ್ಲಿಫ್ ಕೇಸು ಇದನ್ನು ತೀರ್ಮಾನ ಮಾಡಿತು. ರಾಟ್ಲಿಫ್ ಅನ್ನುವವರು ಲಾಯರ್. ಅವರ ಕಕ್ಷಿದಾರರು ಭತ್ಯೆಯ ಕೇಸು ಗೆದ್ದರು, 2,112.60 ಡಾಲರ್ ಈಜಾ ಫೀಸು ಮಂಜೂರಾಯಿತು. ಹಣ ಕೊಡುವ ಮೊದಲು ಸರ್ಕಾರ ನೋಡಿದರೆ ಆ ಕಕ್ಷಿದಾರರು ಸರ್ಕಾರಕ್ಕೆ ಹಳೆಯ ಸಾಲ ಬಾಕಿ ಇಟ್ಟಿದ್ದರು. ಫೀಸನ್ನು ಆ ಸಾಲಕ್ಕೆ ಮುರಿದುಕೊಳ್ಳಲು ಸರ್ಕಾರ ಹೊರಟಿತು. ಇದು ನಾನು ದುಡಿದ ಹಣ ಅಂತ ಲಾಯರ್ ವಾದಿಸಿದರು. ಎಂಟನೇ ಸರ್ಕ್ಯೂಟ್ ಹೌದು ಅಂದಿತು. ಸುಪ್ರೀಂ ಕೋರ್ಟು ಒಮ್ಮತದಿಂದ ಇಲ್ಲ ಅಂದಿತು. ಕಾಯ್ದೆಯಲ್ಲಿ ಬರೆದಿರುವುದು ಗೆದ್ದ ಪಕ್ಷಕ್ಕೆ ಕೊಡಬೇಕು ಅಂತ, ಲಾಯರಿಗೆ ಅಂತಲ್ಲ. ಆದ್ದರಿಂದ ಕಕ್ಷಿದಾರರ ಸಾಲಕ್ಕೆ ಮುರಿದುಕೊಳ್ಳಬಹುದು.

ತೀರ್ಪು ಬರೆದವರು ಜಸ್ಟಿಸ್ ಥಾಮಸ್. ಜಸ್ಟಿಸ್ ಸೊಟೊಮೇಯರ್ ಒಪ್ಪಿಕೊಂಡರೂ ಬೇರೆಯಾಗಿ ಬರೆದರು. ಕಾಯ್ದೆಯ ಪದಗಳು ಹೀಗಿವೆ ನಿಜ, ಆದರೆ ಇದರಿಂದ ಅತಿ ಬಡವರಿಗೇ ಲಾಯರ್ ಸಿಗುವುದು ಇನ್ನಷ್ಟು ಕಷ್ಟವಾಗುತ್ತದೆ ಅನ್ನುವುದು ಅವರ ಆತಂಕ. ನನ್ನ ಅನುಭವದಲ್ಲಿ ಆ ಆತಂಕ ಸರಿ. ಫೆಡರಲ್ ಸ್ಟೂಡೆಂಟ್ ಲೋನ್ ಕಟ್ಟಲಾಗದೆ ಬಿಟ್ಟವರು, ಹಿಂದೆಂದೋ ಸೋಶಿಯಲ್ ಸೆಕ್ಯುರಿಟಿಯಿಂದ ಜಾಸ್ತಿ ಹಣ ಬಂದಿತ್ತು ಅಂತ ನೋಟಿಸು ಇರುವವರು, ಇವರೇ ಅಲ್ವಾ ಕಾಯಿಲೆ ಬಿದ್ದು ಕೆಲಸ ಕಳೆದುಕೊಂಡವರು? ಸಾಲ ಇದೆ ಅಂತ ಗೊತ್ತಾದ ಕೂಡಲೇ ಹಿಂದೆ ಸರಿಯುವ ಲಾಯರುಗಳನ್ನು ನೋಡಿದ್ದೇನೆ. ಅವರನ್ನೂ ಪೂರ್ತಿ ದೂರಲಾಗದು, ಎಷ್ಟೋ ಕೇಸಿನಲ್ಲಿ ಅವರಿಗೆ ಬರುವುದು ಇದೊಂದೇ ಹಣ.

ವಹಿಸಿಕೊಡುವ ಕಾಗದ ಬಂದದ್ದು ಇದಕ್ಕೇ. ತಂಗಿಗೆ ಫೆಡರಲ್ ಸಾಲ ಏನೂ ಇಲ್ಲದಿದ್ದರೆ ಸರ್ಕಾರ ಸಾಮಾನ್ಯವಾಗಿ ಆ ಕಾಗದ ಒಪ್ಪಿ ಹಣವನ್ನು ನೇರ ಲಾಯರಿಗೆ ಕಳಿಸುತ್ತದೆ. ಸಾಲ ಇದ್ದರೆ ಮೊದಲು ಅದಕ್ಕೆ ಮುರಿದುಕೊಂಡು ಉಳಿದದ್ದು ಕೊಡುತ್ತದೆ. ಕಾಗದವೇ ಇಲ್ಲದಿದ್ದರೆ ಚೆಕ್ ತಂಗಿಯ ಹೆಸರಿಗೇ ಬರಬಹುದು. ಆಗ ತಮ್ಮದೇ ಹಣ ಅಂದುಕೊಂಡು ಖರ್ಚು ಮಾಡಿ ಆಮೇಲೆ ಲಾಯರ್ ಜೊತೆ ತಕರಾರು ಮಾಡಿಕೊಂಡವರಿದ್ದಾರೆ.

ನೇತ್ರಾವತಿ ನ್ಯೂಜೆರ್ಸಿ

ಅಯ್ಯೋ, ಅತ್ತೆಯ ವಿಷಯದಲ್ಲಿ ಹೀಗೇ ಆಗಿರಬೇಕು. ಅವರಿಗೆ ಹಳೆಯ ಓವರ್‌ಪೇಮೆಂಟ್ ನೋಟಿಸು ಇತ್ತು. ಸಾಲಕ್ಕೆ ಮುರಿದುಕೊಂಡ ಹಣವನ್ನೂ ಲಾಯರ್ ವಾಪಸ್ ಕೊಡಬೇಕಾ?

ಕಡತಗಾರ

ಕೈಗೆ ಬಂದದ್ದನ್ನು ಮಾತ್ರ. ಎರಡೂ ಕಡೆಯಿಂದ ಲಾಯರ್ ಹಣ ಪಡೆದಿದ್ದರೆ ವಾಪಸ್ ಕೊಡಬೇಕು ಅನ್ನುವುದು ನಿಯಮ. ಸಾಲಕ್ಕೆ ಹೋದದ್ದು ಅವರಿಗೆ ಬಂದಿಲ್ಲ. ಆದರೆ ಅತ್ತೆಯ ಸಾಲ ಅಷ್ಟು ಕಡಿಮೆಯಾಗಿರಬೇಕು ಅಲ್ವಾ? ಅದು ನಿಜವಾಗಿ ಜಮೆ ಆಗಿದೆಯಾ ಅಂತ ನೋಡಿಕೊಳ್ಳಿ. ಖಜಾನೆ ಇಲಾಖೆ ಮುರಿದುಕೊಂಡಾಗ ಪತ್ರ ಕಳಿಸುತ್ತದೆ. ಯಾವ ಸಾಲ, ಎಷ್ಟು ಅಂತ ಅದರಲ್ಲಿರುತ್ತದೆ.

ಬೆಳವಲ

ನನ್ನ ಮಗ ಅಮೆರಿಕ ಸೈನ್ಯದಲ್ಲಿದ್ದು ಈಗ ಹೊರಗೆ ಬಂದಿದ್ದಾನೆ. ಬೆನ್ನಿಗೆ ಪೆಟ್ಟಾಗಿ ವೆಟರನ್ಸ್ ಭತ್ಯೆಗೆ ಹೋರಾಡುತ್ತಿದ್ದಾನೆ. ಅವನಿಗೂ ಇದು ಅನ್ವಯಿಸುತ್ತದಾ?

ಕಡತಗಾರ

ಅನ್ವಯಿಸುತ್ತದೆ. ಮಾಜಿ ಸೈನಿಕರ ಮೇಲ್ಮನವಿ ಕೇಳುವ ಪ್ರತ್ಯೇಕ ಕೋರ್ಟು ವಾಷಿಂಗ್ಟನ್ನಿನಲ್ಲಿದೆ. 1992ರ ತಿದ್ದುಪಡಿಯಿಂದ ಅಲ್ಲೂ ಈಜಾ ಇದೆ. 2004ರ ಸ್ಕಾರ್‌ಬರೋ ವರ್ಸಸ್ ಪ್ರಿನ್ಸಿಪಿ ಅನ್ನುವ ಒಳ್ಳೆಯ ತೀರ್ಪು ಒಬ್ಬ ಮಾಜಿ ಸೈನಿಕರ ಕೇಸಿನಲ್ಲೇ ಬಂದದ್ದು. ಅವರ ಲಾಯರ್ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರು, ಆದರೆ 'ಸರ್ಕಾರದ ನಿಲುವಿಗೆ ಸಮರ್ಥನೆ ಇರಲಿಲ್ಲ' ಅನ್ನುವ ಒಂದು ವಾಕ್ಯ ಬಿಟ್ಟುಹೋಗಿತ್ತು. ಅದನ್ನು ಆಮೇಲೆ ಸೇರಿಸಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ಗಡುವು ಮುಗಿದ ಮೇಲೆ ಅರ್ಜಿಯನ್ನೇ ಹಾಕುವುದು ಬೇರೆ ಮಾತು, ಅದಕ್ಕೆ ಈ ತೀರ್ಪು ಆಸರೆ ಅಲ್ಲ.

ಸೀಗೆಹಳ್ಳಿ ಸಿಯಾಟಲ್

ಗಡುವು ಎಷ್ಟು ದಿನ?

ಕಡತಗಾರ

ಅಂತಿಮ ತೀರ್ಪಾಗಿ 30 ದಿನ. ಆದರೆ ಮೇಲ್ಮನವಿಯ ಅವಧಿ ಮುಗಿಯುವ ತನಕ ತೀರ್ಪು ಅಂತಿಮ ಅಲ್ಲ. ಸರ್ಕಾರ ಪಕ್ಷವಾಗಿರುವ ಸಿವಿಲ್ ಕೇಸಿನಲ್ಲಿ ಆ ಅವಧಿ 60 ದಿನ. ಹಾಗಾಗಿ ಡಿಸ್ಟ್ರಿಕ್ಟ್ ಕೋರ್ಟು ನಾಲ್ಕನೇ ವಾಕ್ಯದ ಪ್ರಕಾರ ತೀರ್ಪು ದಾಖಲಿಸಿದ ದಿನದಿಂದ 60, ಅದರ ಮೇಲೆ 30.

ಅದೇ 405(ಜಿ) ಕಲಮಿನ ಆರನೇ ವಾಕ್ಯದ ವಾಪಸಾತಿ ಅಂತ ಇನ್ನೊಂದಿದೆ. ಹೊಸ ಸಾಕ್ಷ್ಯ ಸಿಕ್ಕಿದಾಗ ಕೋರ್ಟು ತೀರ್ಪು ಕೊಡದೆಯೇ ಕೇಸನ್ನು ಕಳಿಸಿ, ಕಡತ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಲ್ಲಿ ಈಜಾ ಗಡಿಯಾರ ಶುರುವಾಗುವುದು ಎಲ್ಲಾ ಮುಗಿದು ಕೋರ್ಟು ಅಂತಿಮ ತೀರ್ಪು ಕೊಟ್ಟ ಮೇಲೆ. ಆದೇಶದಲ್ಲಿ ಯಾವ ವಾಕ್ಯ ಅಂತ ನೋಡುವುದು ಅದಕ್ಕೇ ಮುಖ್ಯ.

ಮಂಡ್ಯದ ಮನೆಮಗ, ಬೆಂಗಳೂರು

ಓದಿ ಆಶ್ಚರ್ಯ ಆಯಿತು. ನನ್ನ ಚಿಕ್ಕಪ್ಪನಿಗೆ ಇಲ್ಲಿ ಅಂಗವಿಕಲ ಪಿಂಚಣಿ ನಿಂತುಹೋಗಿ ಅಲೆದಾಡುತ್ತಿದ್ದಾರೆ. ನಮ್ಮಲ್ಲಿ ಇಂಥ ಕಾಯ್ದೆ ಇದೆಯಾ?

ನ್ಯಾಯದ ದಾರಿ, ಧಾರವಾಡ

ನಾನು ಇಲ್ಲಿ ವಕೀಲಿ ಮಾಡುತ್ತೇನೆ. ಸರ್ಕಾರ ಸೋತರೆ ಗಂಟೆ ಲೆಕ್ಕದಲ್ಲಿ ಫೀಸು ಕೊಡಬೇಕು ಅನ್ನುವ ಕಾಯ್ದೆ ನಮ್ಮಲ್ಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಲ್ಲಿ ಖರ್ಚು ಕೊಡಿಸುವ ಅಧಿಕಾರ ಕೋರ್ಟಿಗಿದೆ, ಅದು ನ್ಯಾಯಾಧೀಶರ ವಿವೇಚನೆ. ಕೊಡಿಸುವ ಮೊತ್ತ ನಿಜವಾದ ಖರ್ಚಿನ ಹತ್ತಿರಕ್ಕೂ ಬರುವುದು ಅಪರೂಪ. 2005ರ ಸೇಲಂ ಅಡ್ವೊಕೇಟ್ ಬಾರ್ ಅಸೋಸಿಯೇಷನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನೈಜ ಖರ್ಚು ಕೊಡಿಸಬೇಕು ಅಂದಿದ್ದರೂ ಕೆಳಗೆ ಅದು ಇಳಿದದ್ದು ಕಡಿಮೆ.

ಆದರೆ ಇನ್ನೊಂದು ದಾರಿ ಇದೆ, ಅದನ್ನು ಜನ ಬಳಸುವುದೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಂಗವಿಕಲರಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯದ ಮಿತಿ ಅವರಿಗಿಲ್ಲ. ಚಿಕ್ಕಪ್ಪನನ್ನು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅಮೆರಿಕದಲ್ಲಿ ಕೊನೆಗೆ ಸಿಗುವುದನ್ನು ಇಲ್ಲಿ ಮೊದಲಲ್ಲೇ ಕೊಡುವ ಏರ್ಪಾಡು ಇದು. ಕೇಳುವವರು ಬೇಕು.

ಹಾಸನ ಟು ಹ್ಯೂಸ್ಟನ್

ಕಡತಗಾರರೇ, ಒಂದು ಉಳಿಯಿತು. ವಾಪಸ್ ಹೋದ ಕೇಸು ಮತ್ತೆ ತಿರಸ್ಕಾರವಾದರೆ? ಈಜಾ ಹಣ ಸರ್ಕಾರಕ್ಕೆ ವಾಪಸ್ ಕೊಡಬೇಕಾ? ಮತ್ತೆ ಈ ಶೇ. 25 ಮಿತಿ ಹಿಯರಿಂಗ್, ಕೋರ್ಟು ಎರಡಕ್ಕೂ ಸೇರಿಯಾ?

ಕಡತಗಾರ

ವಾಪಸ್ ಕೊಡಬೇಕಾಗಿಲ್ಲ. ಕೋರ್ಟಿನ ಗೆಲುವು ಗೆಲುವೇ. ಬಾಕಿ ಭತ್ಯೆಯೇ ಇಲ್ಲದ ಮೇಲೆ ಶೇ. 25 ಅನ್ನುವುದೂ ಇಲ್ಲ. ಆಗ ಲಾಯರಿಗೆ ಉಳಿಯುವುದು ಈಜಾ ಒಂದೇ. ಗೆಲುವು ಅನುಮಾನ ಅನ್ನಿಸುವ ಕೇಸನ್ನೂ ಕೆಲವರು ಕೈಗೆತ್ತಿಕೊಳ್ಳುವುದು ಇದು ಇರುವುದರಿಂದಲೇ. ಫೆಡರಲ್ ಕೋರ್ಟಿಗೆ ಹೋದ ಡಿಸೆಬಿಲಿಟಿ ಕೇಸುಗಳಲ್ಲಿ ಅರ್ಧದ ಆಸುಪಾಸು ವಾಪಸ್ ಹೋಗುತ್ತವೆ. ಆ ಮೆಟ್ಟಿಲು ಹತ್ತಲು ಯಾರೂ ಜೊತೆಗಿಲ್ಲದಿದ್ದರೆ ಆ ತಪ್ಪುಗಳೆಲ್ಲ ಹಾಗೇ ಉಳಿಯುತ್ತಿದ್ದವು.

ಶೇ. 25ರ ಮಾತು. 2019ರ ಕಲ್ಬರ್ಟ್‌ಸನ್ ವರ್ಸಸ್ ಬೆರಿಹಿಲ್ ಪ್ರಕಾರ 406(ಬಿ) ಮಿತಿ ಕೋರ್ಟಿನ ಕೆಲಸಕ್ಕೆ ಮಾತ್ರ. ಹಿಯರಿಂಗ್ ಹಂತದ ಫೀಸು ಬೇರೆ. ಅಲ್ಲಿ ಫೀ ಒಪ್ಪಂದ ಇದ್ದರೆ ಬಾಕಿಯ ಶೇ. 25 ಅಥವಾ ಒಂದು ಗರಿಷ್ಠ ಮೊತ್ತ, ಯಾವುದು ಕಡಿಮೆಯೋ ಅದು. ಆ ಗರಿಷ್ಠ 2022ರ ನವೆಂಬರಿನಲ್ಲಿ 7,200ಕ್ಕೆ, 2024ರ ನವೆಂಬರಿನಲ್ಲಿ 9,200 ಡಾಲರಿಗೆ ಏರಿತು. ಹಿಯರಿಂಗಿಗೆ ಈಜಾ ಇಲ್ಲ, ಯಾಕೆಂದರೆ ಅಲ್ಲಿ ಎದುರು ವಾದಿಸಲು ಸರ್ಕಾರದ ವಕೀಲರು ಇರುವುದಿಲ್ಲ. ಎರಡೂ ಸೇರಿ ಶೇ. 25 ದಾಟಬಹುದು, ಆದರೆ ಇಲಾಖೆ ಫೀಸಿಗೆ ಅಂತ ಹಿಡಿದಿಡುವುದು ಶೇ. 25 ಮಾತ್ರ. ಉಳಿದದ್ದನ್ನು ಲಾಯರ್ ನೇರ ನಿಮ್ಮಿಂದ ಕೇಳಬಹುದು. ಒಪ್ಪಂದಕ್ಕೆ ಸಹಿ ಹಾಕುವಾಗಲೇ 'ಎಲ್ಲಾ ಸೇರಿ ಶೇ. 25 ಮೀರುವುದಿಲ್ಲ' ಅಂತ ಬರೆಸಿಕೊಳ್ಳಿ. ಕೇಳಿದರೆ ಒಪ್ಪುವ ಲಾಯರುಗಳು ಇದ್ದಾರೆ.

ಇನ್ನೊಂದು. ಶೇ. 25 ಅಂದರೆ ತನ್ನಿಂದ ತಾನೇ ಶೇ. 25 ಅಲ್ಲ. 2002ರ ಗಿಸ್‌ಬ್ರೆಕ್ಟ್ ತೀರ್ಪಿನಿಂದ ಜಡ್ಜ್ ಅದು ನ್ಯಾಯವಾಗಿದೆಯಾ ಅಂತ ನೋಡಲೇಬೇಕು. ಲಾಯರೇ ಕೇಸು ಎಳೆದಾಡಿ ಬಾಕಿ ಬೆಳೆಸಿದ್ದರೆ, ಚೂರು ಕೆಲಸಕ್ಕೆ ದೊಡ್ಡ ಮೊತ್ತ ಬರುತ್ತಿದ್ದರೆ ಕಡಿಮೆ ಮಾಡಬಹುದು. ಅರ್ಜಿಯ ಪ್ರತಿ ಕಕ್ಷಿದಾರರಿಗೂ ಬರುತ್ತದೆ. ಓದಿ, ತಕರಾರಿದ್ದರೆ ಕೋರ್ಟಿಗೆ ಬರೆಯಬಹುದು.

ಕಾವೇರಿ ಇನ್ ಕೊಲಂಬಸ್

ತಡವಾಗಿ ಬಂದೆ. ನನ್ನ ಗಂಡನಿಗೆ ಅಪೀಲ್ಸ್ ಕೌನ್ಸಿಲಿನಿಂದ ಇಲ್ಲ ಅಂತ ಪತ್ರ ಬಂದಿದೆ. ಹಿಯರಿಂಗಿಗೆ ಬಂದಿದ್ದ ಲಾಯರ್ ಫೆಡರಲ್ ಕೋರ್ಟಿಗೆ ಬರುವುದಿಲ್ಲ ಅಂದರು. ನಾವೇ ಹಾಕಿದರೆ ಆ ಈಜಾ ಹಣ ನಮಗೆ ಬರುತ್ತದಾ?

ಕಡತಗಾರ

ಲಾಯರ್ ಇಲ್ಲದೆ ಹೋರಾಡಿದರೆ ಲಾಯರ್ ಫೀಸು ಸಿಗುವುದಿಲ್ಲ. ಕೋರ್ಟು ಶುಲ್ಕದಂಥ ಖರ್ಚು ಕೇಳಬಹುದು ಅಷ್ಟೇ. ಆದ್ದರಿಂದ ಲಾಯರ್ ಹುಡುಕಿ. ಹಿಯರಿಂಗ್ ಮಾಡುವ ಎಲ್ಲರೂ ಕೋರ್ಟಿಗೆ ಹೋಗುವುದಿಲ್ಲ, ಕೋರ್ಟಿನ ಕೆಲಸವನ್ನೇ ಮಾಡುವವರು ಬೇರೆ ಇರುತ್ತಾರೆ. ಫೋನ್ ಮಾಡಿದಾಗ ಮೊದಲೇ ಹೇಳಿ: 'ಫೆಡರಲ್ ಸಾಲ ಇಲ್ಲ, ಈಜಾ ವಹಿಸಿಕೊಡುವ ಕಾಗದಕ್ಕೆ ಸಹಿ ಹಾಕುತ್ತೇವೆ.' ಸಾಲ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹಿಯರಿಂಗ್ ತೀರ್ಮಾನದ ಪ್ರತಿ ಕೈಯಲ್ಲಿರಲಿ, ಅದನ್ನು ಓದದೆ ಯಾರೂ ಹೂಂ ಅನ್ನುವುದಿಲ್ಲ.

ಆದರೆ ಅದಕ್ಕೂ ಮೊದಲು ಆ ಪತ್ರದ ಮೇಲಿನ ತಾರೀಖು ನೋಡಿ. ಪತ್ರ ಕೈಗೆ ಬಂದು 60 ದಿನದೊಳಗೆ ಕೋರ್ಟಿನಲ್ಲಿ ದಾವೆ ಬೀಳಬೇಕು. ತಾರೀಖಾಗಿ 5 ದಿನಕ್ಕೆ ಪತ್ರ ಬಂತು ಅಂತ ಲೆಕ್ಕ ಹಿಡಿಯುತ್ತಾರೆ. ಶುಲ್ಕ 405 ಡಾಲರ್. ಕಟ್ಟಲಾಗದಿದ್ದರೆ ಮನ್ನಾ ಕೇಳುವ ಅರ್ಜಿ ಕೋರ್ಟಿನಲ್ಲೇ ಸಿಗುತ್ತದೆ. ಲಾಯರ್ ಸಿಗುವುದು ತಡವಾದರೆ, ಗಡುವು ಮುಗಿಯುವ ಮೊದಲೇ ಸಮಯ ಹೆಚ್ಚಿಸಿ ಅಂತ ಅಪೀಲ್ಸ್ ಕೌನ್ಸಿಲಿಗೆ ಕಾರಣ ಕೊಟ್ಟು ಬರೆಯಬಹುದು. ಅದಕ್ಕೂ ಆಗದಿದ್ದರೆ ನೀವೇ ದಾವೆ ಹಾಕಿ, ಆಮೇಲೆ ಲಾಯರ್ ಬಂದು ಸೇರಿಕೊಳ್ಳಬಹುದು. ಅವರು ಸೇರಿದ ದಿನದಿಂದ ಮಾಡಿದ ಕೆಲಸಕ್ಕೆ ಈಜಾ ಕೇಳಬಹುದು.

ತಾರೀಖು ಏನಿದೆ ಅಂತ ಇಲ್ಲಿ ಹಾಕಿ, ದಿನ ಎಣಿಸಿ ಹೇಳುತ್ತೇನೆ.